ಹಾಯಿದೋಣಿಯ ಸಂಸಾರ

ಸಂಸಾರವನ್ನು ಸಾಗರಕ್ಕೆ ಹೋಲಿಸುವುದು ನಮ್ಮಲ್ಲಿ ಬಹು ಹಳೆಯ ವಾಡಿಕೆ. ದಾಸರು ಹೋಲಿಸಿದ್ದಾರೆ, ಶರಣರು ಹೋಲಿಸಿದ್ದಾರೆ. ಹರಿಕಥೆಯಲ್ಲಿ, ಮದುವೆಯ ಮಂಟಪದಲ್ಲಿ, ಕೊನೆಗೆ ಬೀಳ್ಕೊಡುಗೆಯ ಭಾಷಣದಲ್ಲಿಯೂ ಈ ಹೋಲಿಕೆ ತಪ್ಪುವುದಿಲ್ಲ. ಹೀಗೆ ಹೇಳುವವರಲ್ಲಿ ಎಷ್ಟು ಮಂದಿ ಸಮುದ್ರವನ್ನು ಕಂಡಿದ್ದಾರೋ ತಿಳಿಯದು. ನಾನು ಕಂಡದ್ದು ಒಂದೇ ಸಲ, ಅದೂ ಕಾರವಾರದ ದಡದಲ್ಲಿ ನಿಂತು. ಆದರೆ ಈ ಮಾತನ್ನು ಬರಿಯ ಹೋಲಿಕೆಯಾಗಿ ಬಿಡದೆ, ಸಂಸಾರವನ್ನು ನಿಜವಾಗಿಯೂ ಸಾಗರದ ಮೇಲೆ ಹೂಡಿಕೊಂಡಿರುವ ಜನರು ಲೋಕದಲ್ಲಿದ್ದಾರೆ. ಗಂಡ, ಹೆಂಡತಿ, ಒಂದು ನಾಯಿ. ಮೂವತ್ತು ನಲವತ್ತಡಿ ಉದ್ದದ ಒಂದು ಹಾಯಿದೋಣಿ. ಮನೆಯೂ ಅದೇ, ಬಂಡಿಯೂ ಅದೇ, ಆಸ್ತಿಯೂ ಅದೇ. ಊರಲ್ಲಿದ್ದ ಮನೆಯನ್ನು ಮಾರಿಯೋ ಬಾಡಿಗೆಗೆ ಕೊಟ್ಟೋ ಹೊರಟ ಇಂಥ ದಂಪತಿಗಳು ಯೂರೋಪು, ಅಮೆರಿಕ, ಆಸ್ಟ್ರೇಲಿಯಗಳ ಬಂದರುಗಳಲ್ಲಿ ಇಂದು ಅಪರೂಪವಲ್ಲ.

ಇವರ ವಿಷಯವನ್ನು ಓದತೊಡಗಿದಾಗ ನನ್ನ ಮನಸ್ಸನ್ನು ಹಿಡಿದದ್ದು ಹಾಯಿಯೂ ಅಲ್ಲ, ಅಲೆಯೂ ಅಲ್ಲ, ಆ ನಾಯಿ. ಮನುಷ್ಯರು ತಮ್ಮ ಇಚ್ಛೆಯಿಂದ ನೆಲ ಬಿಟ್ಟು ಹೊರಟರು. ನಾಯಿಯನ್ನು ಯಾರೂ ಕೇಳಲಿಲ್ಲ. ಹಾಗಿದ್ದರೂ ದೋಣಿ ಯಾವ ದೇಶಕ್ಕೆ ಹೋಗಬಹುದು, ಯಾವುದಕ್ಕೆ ಹೋಗಕೂಡದು ಎಂಬುದನ್ನು ಕಟ್ಟಕಡೆಗೆ ನಿರ್ಧರಿಸುವುದು ಆ ನಾಯಿಯೇ ಎಂದು ತಿಳಿದಾಗ ಆಶ್ಚರ್ಯವಾಯಿತು. ಅದು ಹೇಗೆಂಬುದನ್ನು ವಿವರಿಸುವುದಕ್ಕೆ ಮೊದಲು ದೋಣಿಯ ಬದುಕನ್ನು ಸ್ವಲ್ಪ ಹೇಳಬೇಕು.

ಮೂವತ್ತೈದಡಿಯ ಹಾಯಿದೋಣಿಯೆಂದರೆ ನಮ್ಮ ಕಾಲೇಜಿನ ಒಂದು ತರಗತಿಯ ಕೋಣೆಯಷ್ಟು ಉದ್ದ; ಅಗಲ ಹನ್ನೊಂದು ಹನ್ನೆರಡು ಅಡಿ, ಅದೂ ನಡುವಿನಲ್ಲಿ ಮಾತ್ರ. ಅಷ್ಟರೊಳಗೆ ಅಡಿಗೆಯ ಒಲೆ, ಮಲಗುವ ಹಲಗೆ, ನಕ್ಷೆಯ ಮೇಜು, ನೀರಿನ ತೊಟ್ಟಿ, ಔಷಧದ ಪೆಟ್ಟಿಗೆ, ಪುಸ್ತಕ ಎಲ್ಲವೂ ಅಡಗಬೇಕು. ದೋಣಿಯ ಅಡಿಯಲ್ಲಿ ಮೀನಿನ ರೆಕ್ಕೆಯಂತೆ ಇಳಿದಿರುವ ಭಾಗದಲ್ಲಿ ಸೀಸವನ್ನೋ ಕಬ್ಬಿಣವನ್ನೋ ತುಂಬಿರುತ್ತಾರೆ. ಎಷ್ಟೋ ದೋಣಿಗಳಲ್ಲಿ ಒಟ್ಟು ತೂಕದ ಮೂರರಲ್ಲೊಂದು ಪಾಲು ಇದೇ. ಗಾಳಿಗೆ ವಾಲಿದ ದೋಣಿಯನ್ನು ಮತ್ತೆ ನೆಟ್ಟಗೆ ನಿಲ್ಲಿಸುವುದು ಈ ಭಾರ. ಗಾಳಿ ಎದುರಿಗಿದ್ದರೆ ಹಾಯಿದೋಣಿ ಮುಂದೆ ಹೋಗುವುದಾದರೂ ಹೇಗೆಂದು ನಾನು ಬಹಳ ದಿನ ಯೋಚಿಸಿದ್ದೆ. ನೇರವಾಗಿ ಹೋಗಲಾರದು. ಭಾರದ ಬಂಡಿ ಗುಡ್ಡ ಹತ್ತುವಾಗ ಓರೆಯಾಗಿ ಈ ಮಗ್ಗುಲಿಗೊಮ್ಮೆ ಆ ಮಗ್ಗುಲಿಗೊಮ್ಮೆ ತಿರುಗುತ್ತ ಏರುವಂತೆ, ದೋಣಿಯೂ ಗಾಳಿಗೆ ಸುಮಾರು ೪೫ ಡಿಗ್ರಿ ಓರೆಯಾಗಿ ಅತ್ತಿತ್ತ ಸಾಗುತ್ತ ಎದುರಿಗೆ ಏರುತ್ತದೆ. ದೂರ ಹೆಚ್ಚು, ಬಳಲಿಕೆ ಅದಕ್ಕಿಂತ ಹೆಚ್ಚು. ಆದುದರಿಂದ ಬುದ್ಧಿವಂತರು ಗಾಳಿ ಬೆನ್ನಿಗಿರುವ ಹಾದಿಯನ್ನೂ ಕಾಲವನ್ನೂ ಆರಿಸಿಕೊಳ್ಳುತ್ತಾರೆ.

ಅಂಥ ಹಾದಿಗಳಲ್ಲಿ ಬಹು ಪ್ರಸಿದ್ಧವಾದದ್ದು ಆಫ್ರಿಕದ ಪಕ್ಕದ ಕೆನರಿ ದ್ವೀಪಗಳಿಂದ ವೆಸ್ಟ್ ಇಂಡೀಸಿಗೆ ಹೋಗುವುದು. ೧೪೯೨ರಲ್ಲಿ ಕೊಲಂಬಸನು ಹಿಡಿದ ದಾರಿಯೂ ಇದೇ. ಅಲ್ಲಿ ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತ ತಿಂಗಳುಗಟ್ಟಲೆ ದಿಕ್ಕು ಬದಲಿಸುವುದಿಲ್ಲ. ಜೂನಿನಿಂದ ನವೆಂಬರಿನವರೆಗೆ ಆ ಕಡೆ ಚಂಡಮಾರುತದ ಕಾಲವಾದ್ದರಿಂದ ಅದು ಮುಗಿಯುತ್ತ ಬಂದಾಗ ಹೊರಡುವುದು ಪದ್ಧತಿ. ಸುಮಾರು ೨,೭೦೦ ಸಮುದ್ರ ಮೈಲಿ. ಗಂಟೆಗೆ ಐದಾರು ಮೈಲಿಯ ವೇಗ. ನಮ್ಮೂರ ಹುಡುಗರು ಸೈಕಲ್ಲಿನಲ್ಲಿ ಇದಕ್ಕಿಂತ ಬೇಗ ಹೋಗುತ್ತಾರೆ. ಆದರೆ ಹಾಯಿ ರಾತ್ರಿಯೂ ಎಳೆಯುತ್ತದೆ. ಹಾಗಾಗಿ ಮೂರು ವಾರದ ಆಚೀಚೆ ಆ ದಡ ಕಾಣುತ್ತದೆ.

ಈ ಮೂರು ವಾರಗಳಲ್ಲಿ ಗಂಡಹೆಂಡಿರು ಒಟ್ಟಿಗೆ ಕುಳಿತು ಚಂದ್ರೋದಯ ನೋಡುತ್ತಿರುವರೆಂದು ಯಾರಾದರೂ ಭಾವಿಸಿದರೆ ಅದು ಸಿನಿಮಾ ನೋಡಿದ್ದರ ಫಲ. ಹಗಲು ರಾತ್ರಿ ಒಬ್ಬರಲ್ಲ ಒಬ್ಬರು ಕಾವಲಿರಲೇಬೇಕು. ಸಮುದ್ರದ ಅಂತರರಾಷ್ಟ್ರೀಯ ನಿಯಮವೂ ಹಾಗೆಂದೇ ವಿಧಿಸುತ್ತದೆ. ದಿಗಂತದಲ್ಲಿ ಮೊದಲು ಕಂಡ ಸರಕಿನ ಹಡಗು ದೋಣಿಯ ಮೇಲೆ ಬಂದು ಬೀಳಲು ಇಪ್ಪತ್ತು ನಿಮಿಷ ಸಾಕು. ಆದುದರಿಂದ ಮೂರು ನಾಲ್ಕು ಗಂಟೆಗೊಂದು ಪಾಳಿ ಮಾಡಿಕೊಳ್ಳುತ್ತಾರೆ. ಒಬ್ಬರು ಎದ್ದರೆ ಇನ್ನೊಬ್ಬರು ಅದೇ ಬಿಸಿಯಾರದ ಹಾಸಿಗೆಗೆ. ಹಿಂದೆ ಚುಕ್ಕಾಣಿಯನ್ನೂ ಕೈಯಲ್ಲೇ ಹಿಡಿದಿರಬೇಕಾಗಿತ್ತು. ೧೯೬೦ರಲ್ಲಿ ಅಟ್ಲಾಂಟಿಕ್ ಸಾಗರವನ್ನು ಒಬ್ಬೊಬ್ಬರೇ ದಾಟುವ ಪಂದ್ಯ ಮೊದಲ ಬಾರಿಗೆ ನಡೆದಾಗ ಹ್ಯಾಸ್ಲರ್ ಎಂಬ ಇಂಗ್ಲಿಷರವರು, ಗಾಳಿಯ ದಿಕ್ಕಿಗೆ ತಾನೇ ತಿರುಗುವ ಒಂದು ಹಲಗೆಯಿಂದ ಚುಕ್ಕಾಣಿಯನ್ನು ನಡೆಸುವ ಉಪಾಯವನ್ನು ಬಳಸಿ ತೋರಿಸಿದರು. ಅದು ಕೈಗೆ ಬಿಡುವು ಕೊಟ್ಟಿತು, ಕಣ್ಣಿಗೆ ಕೊಡಲಿಲ್ಲ. ಹೀಗೆ ಒಂದೇ ಕೋಣೆಯಷ್ಟು ಜಾಗದಲ್ಲಿದ್ದೂ ಇಬ್ಬರೂ ಎಚ್ಚರವಾಗಿ ಮುಖಾಮುಖಿಯಾಗುವುದು ದಿನಕ್ಕೆ ಕೆಲವೇ ಗಂಟೆ. ನಾಯಿ ಮಾತ್ರ ಯಾರು ಎದ್ದಿರುವರೋ ಅವರ ಕಾಲ ಬಳಿ ಬಂದು ಮಲಗುತ್ತದೆ. ಅದಕ್ಕೆ ಎರಡು ಪಾಳಿಯೂ ಸೇರಿದ್ದೇ.

ನೀರಿನ ಮಾತನ್ನು ಹೇಳದಿದ್ದರೆ ನಮ್ಮ ಬಯಲುಸೀಮೆಯವರಿಗೆ ಈ ಬದುಕು ಅರ್ಥವಾಗಲಾರದು. ಸುತ್ತಲೂ ನೀರು, ಕುಡಿಯಲು ತೊಟ್ಟಿಯಲ್ಲಿರುವ ಮುನ್ನೂರು ನಾನ್ನೂರು ಲೀಟರು. ಪಾತ್ರೆ ತೊಳೆಯುವುದು ಉಪ್ಪುನೀರಿನಲ್ಲಿ, ಕೊನೆಗೆ ಒಂದು ಲೋಟ ಸಿಹಿನೀರಿನ ತೊಳಪು. ಈಗ ಕೆಲವು ದೋಣಿಗಳಲ್ಲಿ ಉಪ್ಪುನೀರನ್ನು ಸೋಸಿ ಸಿಹಿಮಾಡುವ ಯಂತ್ರವಿದೆ, ಬಿಸಿಲಿನಿಂದ ವಿದ್ಯುತ್ತು ತೆಗೆಯುವ ಫಲಕಗಳಿವೆ. ಆದರೂ ಯಂತ್ರ ಕೆಟ್ಟರೆ ನಡುಕಡಲಿನಲ್ಲಿ ಮಿಸ್ತ್ರಿ ಸಿಕ್ಕುವುದಿಲ್ಲವಾದ್ದರಿಂದ ಲೆಕ್ಕವನ್ನು ತೊಟ್ಟಿಯ ಮೇಲೆಯೇ ಹಾಕುವುದು ಜಾಣತನ. ಆ ಲೆಕ್ಕದಲ್ಲಿ ನಾಯಿಯದೂ ಒಂದು ಬಟ್ಟಲು ಸೇರಿರುತ್ತದೆ.

ಅಪಾಯವಿಲ್ಲವೇ ಎಂದರೆ, ಬೇಕಾದಷ್ಟಿದೆ. ಭಾರತದ ಸೈನ್ಯದಲ್ಲಿ ಸೇವೆ ಮಾಡಿದ್ದ ಮೈಲ್ಸ್ ಸ್ಮೀಟನ್ ಮತ್ತು ಅವರ ಪತ್ನಿ ಬೆರಿಲ್ ಅವರ ಕಥೆ ಪ್ರಸಿದ್ಧ. ೧೯೩೯ರಲ್ಲಿ ಹಿಂದೂಕುಷ್‌ನ ತಿರಿಚ್ ಮೀರ್ ಶಿಖರವನ್ನು ಏರಹೋದ ಈ ದಂಪತಿಗಳ ಜೊತೆಗಿದ್ದವರು, ಮುಂದೆ ೧೯೫೩ರಲ್ಲಿ ಎವರೆಸ್ಟ್ ಏರಿದ ತೇನ್‌ಸಿಂಗ್. ಬೆಟ್ಟ ಸಾಲದೆಂದೋ ಏನೋ, ಅವರು ಆಮೇಲೆ ‘ತ್ಸು ಹ್ಯಾಂಗ್’ ಎಂಬ ೪೬ ಅಡಿಯ ದೋಣಿಯಲ್ಲಿ ಸಂಸಾರ ಹೂಡಿದರು. ಅವರ ಸಂಗಡ ಪ್ವೆ ಎಂಬ ಸಯಾಮಿ ಬೆಕ್ಕು. ೧೯೫೭ರ ಫೆಬ್ರವರಿ ೧೪ರಂದು ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನಿನ ಕಡೆಗೆ ಹೋಗುತ್ತಿದ್ದಾಗ ಒಂದು ಮಹಾ ಅಲೆ ದೋಣಿಯನ್ನು ಮೂತಿಯ ಮೇಲೆ ಪಲ್ಟಿಹೊಡೆಸಿತು. ಚುಕ್ಕಾಣಿ ಹಿಡಿದಿದ್ದ ಬೆರಿಲ್ ಕಡಲಿಗೆ ಎಸೆಯಲ್ಪಟ್ಟರು, ಕೂವೆಮರಗಳು ಮುರಿದುವು, ದೋಣಿಯ ಒಳಗೆಲ್ಲ ನೀರು. ಅವರನ್ನು ಮೇಲಕ್ಕೆಳೆದು, ಜೊತೆಗಿದ್ದ ಜಾನ್ ಗಜ್‌ವೆಲ್ ಎಂಬ ಯುವಕನೊಡನೆ ಬಕೆಟ್ಟುಗಳಿಂದ ನೀರು ಮೊಗೆದು, ಮುರಿದ ಮರದಿಂದಲೇ ಹೊಸ ಕೂವೆ ನಿಲ್ಲಿಸಿ ಚಿಲಿ ದೇಶದ ದಡ ಸೇರಿದರು. ಬೆಕ್ಕೂ ಉಳಿಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಗಂಡ, ಹೆಂಡತಿ, ಬೆಕ್ಕು ಮೂವರೇ ಮತ್ತೆ ಹೊರಟರು. ಮತ್ತೆ ದೋಣಿ ಉರುಳಿತು. ಮತ್ತೆ ಬದುಕಿ ಬಂದರು. ಇದನ್ನು ಧೈರ್ಯವೆನ್ನಬೇಕೋ ಹಟವೆನ್ನಬೇಕೋ ನಾನು ನಿಶ್ಚಯಿಸಲಾರೆ. ಬೆಕ್ಕಿನ ಅಭಿಪ್ರಾಯವನ್ನು ಕೇಳಿದ್ದರೆ ಎರಡನೆಯದೆಂದೇ ಹೇಳುತ್ತಿತ್ತು.

ಇನ್ನು ನಾಯಿಗೆ ಬರೋಣ. ನಾರ್ವೆಯ ಲೇಖಕ ಅರ್ಲಿಂಗ್ ಟಾಂಬ್ಸ್ ೧೯೨೮ರಲ್ಲಿ ಹೊಸದಾಗಿ ಮದುವೆಯಾದ ಹೆಂಡತಿ ಜೂಲಿಯೊಡನೆ ‘ಟೆಡ್ಡಿ’ ಎಂಬ ಹಳೆಯ ದೋಣಿಯಲ್ಲಿ ಹೊರಟರು. ಬಂದರಿಗೆ ಬರುವ ಹಡಗುಗಳಿಗೆ ದಾರಿ ತೋರುವವರಿಗಾಗಿ ಕಾಲಿನ್ ಆರ್ಚರ್ ಕಟ್ಟಿದ್ದ ಗಟ್ಟಿ ದೋಣಿ ಅದು; ಧ್ರುವಪ್ರದೇಶಕ್ಕೆ ಹೋದ ನಾನ್‌ಸೆನ್ನರ ‘ಫ್ರಾಮ್’ ಹಡಗಿನ ಶಿಲ್ಪಿಯೂ ಅವರೇ. ಹಣ ಕಡಮೆ, ಉಪಕರಣ ಅದಕ್ಕಿಂತ ಕಡಮೆ. ಜೊತೆಗೊಂದು ನಾಯಿ. ಅದಕ್ಕಿಟ್ಟ ಹೆಸರು ‘ಸ್ಪೇರ್ ಪ್ರಾವಿಷನ್ಸ್’. ನಮ್ಮ ಮಾತಿನಲ್ಲಿ ಹೇಳುವುದಾದರೆ ‘ಮೀಸಲು ಬುತ್ತಿ’! ಅನ್ನ ಮುಗಿದರೆ ನೀನೇ ಗತಿ ಎಂಬ ಹಾಸ್ಯ. ಆ ನಾಯಿಯನ್ನೂ ಕೂಡಿಕೊಂಡು ಪ್ರಪಂಚದ ಇನ್ನೊಂದು ಮಗ್ಗುಲಿನ ನ್ಯೂಜಿಲೆಂಡಿನವರೆಗೂ ಹೋದರು. ಪ್ರಯಾಣದ ನಡುವೆಯೇ ಮಕ್ಕಳೂ ಹುಟ್ಟಿದರು. ೧೯೩೧ರಲ್ಲಿ ನ್ಯೂಜಿಲೆಂಡಿನಿಂದ ಆಸ್ಟ್ರೇಲಿಯಕ್ಕೆ ನಡೆದ ಹಾಯಿದೋಣಿಗಳ ಪಂದ್ಯವನ್ನು ಈ ಸಂಸಾರದ ದೋಣಿಯೇ ಗೆದ್ದಿತು.

ದೋಣಿಯ ಮೇಲೆ ನಾಯಿಯ ದಿನಚರಿ ಹೇಗೆ? ಮೊದಲ ಸಂಕಟ ಮಲಮೂತ್ರದ್ದು. ನಾಗರಿಕರ ನಾಯಿ ಮನೆಯೊಳಗೆ ಮಾಡಕೂಡದೆಂದು ಕಲಿತಿರುತ್ತದೆ, ದೋಣಿಯೆಲ್ಲವೂ ಮನೆಯೇ. ಒಂದಿಡೀ ದಿನ, ಕೆಲವು ಅದಕ್ಕೂ ಹೆಚ್ಚು ಹೊತ್ತು ತಡೆದುಕೊಂಡು ಯಜಮಾನನ ಮುಖವನ್ನೇ ನೋಡುತ್ತವೆಯಂತೆ. ಅದಕ್ಕಾಗಿ ದೋಣಿಯ ಮುಂಭಾಗದಲ್ಲಿ ಹುಲ್ಲಿನಂತಿರುವ ಒಂದು ಚಾಪೆಯನ್ನು ಹಾಸಿ, ಇದೇ ನಿನ್ನ ಬಯಲು ಎಂದು ಹೊರಡುವುದಕ್ಕೆ ಮೊದಲೇ ಕಲಿಸಬೇಕು. ದಡದಲ್ಲಿ ಬೇರೆ ನಾಯಿ ಮೂತ್ರ ಮಾಡಿದ ಹುಲ್ಲನ್ನು ತಂದು ಆ ಚಾಪೆಯ ಮೇಲೆ ಉಜ್ಜುವ ಉಪಾಯವೂ ಉಂಟು. ಚಾಪೆಗೆ ಹಗ್ಗ ಕಟ್ಟಿ ಕಡಲಿಗೆ ಬಿಟ್ಟು ಎಳೆದರೆ ಚೊಕ್ಕಟ. ಅಂಚಿನ ಕಂಬಿಗಳಿಗೆ ಸುತ್ತಲೂ ಬಲೆ ಬಿಗಿದಿರುತ್ತಾರೆ. ನಾಯಿಗೂ ತೇಲುವ ಅಂಗಿಯಿದೆ; ಬೆನ್ನ ಮೇಲೆ ಹಿಡಿಕೆ, ನೀರಿಗೆ ಬಿದ್ದರೆ ಕೊಕ್ಕೆಹಾಕಿ ಚೀಲದಂತೆ ಎತ್ತಿಕೊಳ್ಳಲು. ಮೊದಲೆರಡು ದಿನ ಅದಕ್ಕೂ ಮನುಷ್ಯರಂತೆಯೇ ಹೊಟ್ಟೆ ತೊಳಸುತ್ತದೆ. ಆಮೇಲೆ ಬೆಳಗಾಗೆದ್ದು ರಾತ್ರಿ ಹಾರಿಬಂದು ಬಿದ್ದ ಹಾರುವ ಮೀನುಗಳನ್ನು ಹುಡುಕಿ ತಿನ್ನುವುದು, ಮೂತಿಯ ಮುಂದೆ ನೆಗೆಯುವ ಡಾಲ್ಫಿನ್ನುಗಳನ್ನು ಕಂಡು ಬೊಗಳುವುದು. ಲಂಗರು ಹಾಕಿದಾಗಲೋ ಅದು ಯಜಮಾನನಿಗೆ ಯಜಮಾನ. ಮಳೆಯಿರಲಿ ಗಾಳಿಯಿರಲಿ, ಬೆಳಗ್ಗೆ ಸಂಜೆ ಚಿಕ್ಕ ದೋಣಿಯಲ್ಲಿ ಕೂಡಿಸಿಕೊಂಡು ಹುಟ್ಟುಹಾಕಿ ದಡಕ್ಕೆ ಕರೆದೊಯ್ಯಬೇಕು.

ಆ ದಡದಲ್ಲಿಯೇ ತೊಡಕಿರುವುದು. ಪರದೇಶದ ಬಂದರನ್ನು ಸೇರಿದ ದೋಣಿ ಮೊದಲು ಒಂದು ಹಳದಿ ಬಾವುಟ ಏರಿಸಬೇಕು. ನಮ್ಮ ನೌಕೆಯಲ್ಲಿ ರೋಗವಿಲ್ಲ, ಒಳಕ್ಕೆ ಬರಲು ಅಪ್ಪಣೆ ಬೇಕು ಎಂಬುದು ಅದರ ಅರ್ಥ. ಅಧಿಕಾರಿಗಳು ಬಂದು ನೋಡಿ ಒಪ್ಪುವವರೆಗೆ ಯಾರೂ ಇಳಿಯುವಂತಿಲ್ಲ. ಈ ಪದ್ಧತಿಯ ಮೂಲ ಬಹಳ ಹಿಂದಿನದು. ಪ್ಲೇಗಿನ ಭಯದಿಂದ ೧೩೭೭ರಲ್ಲಿ ರಗೂಸಾ ನಗರ, ಎಂದರೆ ಇಂದಿನ ದುಬ್ರೋವ್ನಿಕ್, ಸೋಂಕಿನ ಊರುಗಳಿಂದ ಬಂದವರನ್ನು ಮೂವತ್ತು ದಿನ ಹೊರಗಿಡುವ ಕಟ್ಟಳೆ ಮಾಡಿತು. ಮುಂದೆ ಅದು ನಲವತ್ತಾಯಿತು. ಇಟಲಿಯ ಭಾಷೆಯಲ್ಲಿ ನಲವತ್ತಕ್ಕೆ ಕ್ವಾರಂಟ, ಅದರಿಂದಲೇ ಕ್ವಾರಂಟೈನ್. ೨೦೨೦ರಲ್ಲಿ ಈ ಮಾತನ್ನು ನಮ್ಮ ಹಳ್ಳಿಯ ಅಜ್ಜಿಯರೂ ಕಲಿತರು. ಆ ವರ್ಷ ಪೆಸಿಫಿಕ್ ದ್ವೀಪಗಳು ಒಂದಾದಮೇಲೊಂದು ಬಾಗಿಲು ಮುಚ್ಚಿದಾಗ, ನಡುಕಡಲಿನಲ್ಲಿದ್ದ ಹಾಯಿದೋಣಿಗಳಿಗೆ ಇಳಿಯಲು ನೆಲವಿಲ್ಲದಂತಾಯಿತು. ಮನುಷ್ಯರಿಗೆ ಅದು ಅಪೂರ್ವ ಅನುಭವ. ದೋಣಿಯ ನಾಯಿಗೆ ಅದು ಪ್ರತಿಯೊಂದು ಬಂದರಿನ ಅನುಭವ.

ಕಾರಣ ಒಂದೇ, ರೇಬೀಸ್. ನಾವು ಹುಚ್ಚುನಾಯಿ ರೋಗವೆನ್ನುವುದು. ಲಕ್ಷಣ ಕಾಣಿಸಿಕೊಂಡಮೇಲೆ ಬದುಕಿದವರು ಇಲ್ಲವೆನ್ನುವಷ್ಟು ಕಡಮೆ. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು ೫೯,೦೦೦ ಜನ ಇದರಿಂದ ಸಾಯುವರೆಂದೂ ಅವರಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಭಾರತದವರೆಂದೂ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಕಚ್ಚಿದ ದಿನದಿಂದ ರೋಗ ಕಾಣಿಸುವವರೆಗೆ ಸಾಮಾನ್ಯವಾಗಿ ಎರಡು ಮೂರು ತಿಂಗಳು. ಒಮ್ಮೊಮ್ಮೆ ಒಂದೇ ವಾರ, ಒಮ್ಮೊಮ್ಮೆ ವರ್ಷ. ಇದೇ ಮೋಸ. ಇಂದು ಬಾಲವಾಡಿಸುತ್ತಿರುವ ನಾಯಿಯೊಳಗೆ ರೋಗ ಮಲಗಿರಬಹುದು.

ನಾನು ಆರನೆಯ ತರಗತಿಯಲ್ಲಿದ್ದಾಗ ನಮ್ಮ ಹಟ್ಟಿಯ ಮಗ್ಗುಲ ಮನೆಯ ಹುಡುಗನಿಗೆ ಬೀದಿಯ ನಾಯಿ ಕಾಲಿಗೆ ಕಚ್ಚಿತು. ದೊಡ್ಡ ಗಾಯವೇನಲ್ಲ. ಹಿರಿಯರು ಸುಣ್ಣ ಹಚ್ಚಿ ಸೊಪ್ಪು ಕಟ್ಟಿದರು. ಎರಡು ತಿಂಗಳಾದ ಮೇಲೆ ಒಂದು ದಿನ ಅವನು ನೀರಿನ ತಂಬಿಗೆಯನ್ನು ಕಂಡು ಚೀರಿದ. ಮೂರನೆಯ ದಿನ ಇರಲಿಲ್ಲ. ಗಾಯವನ್ನು ಕೂಡಲೆ ಹದಿನೈದು ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಅದೇ ದಿನ ಚುಚ್ಚುಮದ್ದು ಮೊದಲುಮಾಡಿದ್ದರೆ ಇಂದು ಅವನೂ ಯಾವುದಾದರೂ ಕಾಲೇಜಿನಲ್ಲಿರುತ್ತಿದ್ದ. ಪಾಶ್ಚರ್ ಈ ಮದ್ದನ್ನು ಮನುಷ್ಯನಿಗೆ ಮೊದಲು ಕೊಟ್ಟದ್ದು ೧೮೮೫ರಲ್ಲಿ. ನಮ್ಮ ದಕ್ಷಿಣದ ಕೂನೂರಿನಲ್ಲಿ ಅವರ ಹೆಸರಿನ ಸಂಸ್ಥೆ ಆರಂಭವಾದದ್ದು ೧೯೦೭ರಲ್ಲಿ. ಆದುದರಿಂದ ನಾಯಿಯನ್ನು ಬಾಗಿಲಲ್ಲಿ ತಡೆಯುವ ಅಧಿಕಾರಿಯನ್ನು ಕಟುಕನೆಂದು ಕರೆಯಲು ನನ್ನ ನಾಲಗೆ ಏಳುವುದಿಲ್ಲ.

ದ್ವೀಪಗಳಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ನೆಲದ ಗಡಿಯನ್ನು ನರಿ ತೋಳ ದಾಟುತ್ತವೆ, ಕಡಲನ್ನು ದಾಟಲಾರವು. ಬ್ರಿಟನ್ ತನ್ನ ನೆಲದಿಂದ ರೋಗವನ್ನು ಇಪ್ಪತ್ತನೆಯ ಶತಮಾನದ ಮೊದಲಿಗೇ ಓಡಿಸಿತ್ತು. ೧೯೧೮ರಲ್ಲಿ, ಮಹಾಯುದ್ಧದಿಂದ ಮರಳಿದ ಯಾರೋ ಕದ್ದು ತಂದ ನಾಯಿಯಿಂದ ಅದು ಪ್ಲಿಮತ್ ಬಂದರಿನ ಸುತ್ತ ಮತ್ತೆ ಕಾಣಿಸಿಕೊಂಡು, ಪೂರ್ತಿಯಾಗಿ ಅಳಿಸಲು ೧೯೨೨ರವರೆಗೆ ಹೆಣಗಬೇಕಾಯಿತು. ಒಂದು ಪ್ರೀತಿಯ ನಾಯಿಯಿಂದ ನಾಲ್ಕು ವರ್ಷದ ಪಾಡು. ಹೊರಗಿನಿಂದ ಬಂದ ನಾಯಿಯನ್ನು ಆರು ತಿಂಗಳು ಬೇರೆಯಾಗಿ ಕೂಡಿಹಾಕುವ ಕಟ್ಟಳೆ ಅಲ್ಲಿ ೨೦೦೦ದವರೆಗೂ ನಡೆದದ್ದಕ್ಕೆ ಈ ನೆನಪೂ ಒಂದು ಕಾರಣವಿದ್ದೀತು. ಹವಾಯಿ ದ್ವೀಪಗಳು ೧೯೧೨ರಿಂದ ನಾಯಿಗಳನ್ನು ತಡೆಹಿಡಿಯುತ್ತಿವೆ; ೧೨೦ ದಿನದ ಸೆರೆವಾಸವನ್ನು, ಎಲ್ಲ ಕಾಗದಪತ್ರ ಸರಿಯಿದ್ದವರಿಗೆ ಐದು ದಿನಕ್ಕೋ ಅದಕ್ಕಿಂತ ಕಡಮೆಗೋ ಇಳಿಸಿದ್ದು ೨೦೦೩ರಲ್ಲಿ. ಗಲಾಪಗೋಸಿನ ಕಾರಣ ಬೇರೆ. ಹಿಂದೆ ಮನುಷ್ಯರು ಬಿಟ್ಟುಹೋದ ನಾಯಿಗಳು ಅಲ್ಲಿ ಕಾಡುಬಿದ್ದು, ಬೇರೆಲ್ಲಿಯೂ ಇಲ್ಲದ ಇಗ್ವಾನಗಳನ್ನು ಬೇಟೆಯಾಡಿ ಮುಗಿಸುತ್ತ ಬಂದಿದ್ದುವು. ಈಗ ಹೊರಗಿನ ನಾಯಿ ಆ ನೆಲ ಮುಟ್ಟುವಂತಿಲ್ಲ.

ಎಲ್ಲಕ್ಕಿಂತ ಬಿಗಿ ಆಸ್ಟ್ರೇಲಿಯ. ೨೦೧೫ರಲ್ಲಿ ಹಾಲಿವುಡ್ಡಿನ ನಟ ಜಾನಿ ಡೆಪ್ ತನ್ನ ಸ್ವಂತ ವಿಮಾನದಲ್ಲಿ ಎರಡು ಪುಟ್ಟ ನಾಯಿಗಳನ್ನು ಹೇಳದೆ ಕೇಳದೆ ತಂದದ್ದು ಗೊತ್ತಾದಾಗ, ದೇಶದಿಂದ ಹೊರಗೆ ಕಳಿಸಿ, ಇಲ್ಲವೇ ಕೊಲ್ಲಿಸುತ್ತೇವೆ ಎಂದು ಅಲ್ಲಿನ ಕೃಷಿ ಸಚಿವರು ಗಡುವು ಕೊಟ್ಟರು. ನಾಯಿಗಳು ಮರಳಿದುವು, ಮರುವರ್ಷ ದಂಪತಿಗಳು ಬಹಿರಂಗವಾಗಿ ಕ್ಷಮೆ ಕೇಳಿದರು. ಸಿರಿವಂತನಿಗೂ ಬಡವನಿಗೂ ಒಂದೇ ನಿಯಮ ನಡೆದ ಉದಾಹರಣೆಗಳು ವಿರಳವಾದ್ದರಿಂದ ಇದನ್ನು ಸಂತೋಷದಿಂದಲೇ ಬರೆಯುತ್ತಿದ್ದೇನೆ. ಹಾಯಿದೋಣಿಯಲ್ಲಿ ಬಂದ ನಾಯಿಯಾದರೆ ದೋಣಿಯಲ್ಲಿಯೇ ಕಟ್ಟುನಿಟ್ಟಾಗಿ ಇರಬೇಕು. ಕೆಲವೇ ಮಾರು ದೂರದಲ್ಲಿ ದಡ, ಮರ, ಹುಲ್ಲು. ಗಂಡ ಹೆಂಡತಿ ಇಳಿದು ಪೇಟೆಗೆ ಹೋಗುತ್ತಾರೆ, ನಾಯಿ ಬಲೆಯ ಹಿಂದಿನಿಂದ ವಾಸನೆ ಹಿಡಿಯುತ್ತ ನಿಂತಿರುತ್ತದೆ.

ಇಲ್ಲಿ ಎಲ್ಲರಿಗೂ ಧರ್ಮರಾಯನ ಕಥೆ ನೆನಪಾಗಿಯೇ ಇರಬೇಕು. ಕುಮಾರವ್ಯಾಸನು ಗದಾಪರ್ವಕ್ಕೇ ನಿಲ್ಲಿಸಿಬಿಟ್ಟದ್ದರಿಂದ ಅವನ ಬಾಯಲ್ಲಿ ಈ ಪ್ರಸಂಗವನ್ನು ಕೇಳುವ ಭಾಗ್ಯ ನಮಗಿಲ್ಲ. ತಿಮ್ಮಣ್ಣ ಕವಿ ಉಳಿದ ಪರ್ವಗಳನ್ನು ತುಂಬಿದ. ತಮ್ಮಂದಿರೂ ದ್ರೌಪದಿಯೂ ದಾರಿಯಲ್ಲಿ ಬಿದ್ದಮೇಲೆ ಉಳಿದದ್ದು ಹಿಂಬಾಲಿಸಿ ಬಂದ ನಾಯಿಯೊಂದೇ. ಸ್ವರ್ಗದಲ್ಲಿ ನಾಯಿಗೆ ಎಡೆಯಿಲ್ಲವೆಂದ ಇಂದ್ರ. ಹಾಗಾದರೆ ನನಗೂ ಬೇಡವೆಂದ ಧರ್ಮರಾಯ. ನನಗೆ ಈ ಕಥೆ ಪುಸ್ತಕದಿಂದ ಬಂದದ್ದಲ್ಲ. ನಮ್ಮದು ಕುರಿ ಕಾಯುವ ಮನೆತನ. ಮಳೆ ನಿಂತಮೇಲೆ ಅಪ್ಪ ಅವ್ವ ಹಿಂಡಿನೊಡನೆ ಹೊರಟರೆ, ಸುಗ್ಗಿ ಮುಗಿದ ಹೊಲಗಳಲ್ಲ��� ಕುರಿ ತರುಬುತ್ತ ಆರು ತಿಂಗಳು ಊರಿಗೆ ಬರುತ್ತಿರಲಿಲ್ಲ. ಕಂಬಳಿ, ಪಾತ್ರೆ, ಕುದುರೆ, ನಾಯಿ, ಇಷ್ಟೇ ಮನೆ. ಓದುವುದಕ್ಕೆಂದು ನೆಲೆನಿಂತವನು ಆ ಮನೆಯಲ್ಲಿ ನಾನೊಬ್ಬನೇ. ಒಂದು ಬರಗಾಲದ ವರ್ಷ ಮರಿಗಳನ್ನೂ ಹೆಂಗಸರನ್ನೂ ಲಾರಿಯಲ್ಲಿ ಮುಂದೆ ಸಾಗಿಸಬೇಕಾಯಿತು. ಲಾರಿಯವನು ನಾಯಿಯನ್ನು ಹತ್ತಿಸಲು ಒಪ್ಪಲಿಲ್ಲ. ಅಪ್ಪ ಏನೂ ಮಾತಾಡದೆ ಕೆಳಗಿಳಿದು, ನಾಯಿಯ ಜೊತೆ ಮೂರು ದಿನ ನಡೆದು ಬಂದ. ಬಂದಮೇಲೆ ಅವ್ವ ಕೇಳಿದ್ದು, “ಅದಕ್ಕ ಏನರ ತಿನ್ನಾಕ ಹಾಕೀಯಿಲ್ಲ?” ಎಂದಷ್ಟೆ.

ಹೀಗಾಗಿ ಇಂದ್ರನನ್ನು ಬೈಯುವುದು ನನಗೆ ಸುಲಭ. ಆದರೆ ಆ ಮಗ್ಗುಲ ಮನೆಯ ಹುಡುಗನನ್ನು ನೆನೆದಾಗ, ಇಂದ್ರನಿಗೂ ಕಾಯಬೇಕಾದ ಒಂದು ಊರಿತ್ತಲ್ಲವೇ ಎನ್ನಿಸುತ್ತದೆ. ಪುರಾಣದಲ್ಲಿ ನಾಯಿ ಕೊನೆಗೆ ಯಮಧರ್ಮನ ರೂಪ ತೋರಿಸಿ ತೊಡಕನ್ನು ಬಿಡಿಸಿತು. ಬಂದರಿನ ಕಚೇರಿಯಲ್ಲಿ ಅಂಥ ಸೌಕರ್ಯವಿಲ್ಲ. ಅಲ್ಲಿ ತೊಡಕನ್ನು ಬಿಡಿಸಿರುವುದು ವಿಜ್ಞಾನ ಮತ್ತು ಕಾಗದಪತ್ರ. ಮೊದಲು ನಾಯಿಯ ಚರ್ಮದ ಕೆಳಗೆ ಅಕ್ಕಿಕಾಳಿನಷ್ಟು ದೊಡ್ಡ ಒಂದು ಗುರುತಿನ ಬಿಲ್ಲೆ. ಅದರಲ್ಲಿ ೧೫ ಅಂಕಿಯ ಸಂಖ್ಯೆ. ಅದಾದಮೇಲೆಯೇ ಲಸಿಕೆ, ಹಿಂದುಮುಂದಾದರೆ ಲಸಿಕೆ ಲೆಕ್ಕಕ್ಕಿಲ್ಲ. ನಮ್ಮ ಭಾರತದಂತಹ ರೋಗವಿರುವ ದೇಶದಿಂದ ಯೂರೋಪಿಗೆ ಹೋಗಬೇಕಾದರೆ, ಲಸಿಕೆಯ ನಂತರ ಮೂವತ್ತು ದಿನವಾದರೂ ಬಿಟ್ಟು ರಕ್ತ ಪರೀಕ್ಷೆ. ರೋಗವನ್ನು ತಡೆಯುವ ಶಕ್ತಿ ಗೊತ್ತುಮಾಡಿದ ಮಟ್ಟಕ್ಕೆ, ಎಂದರೆ ಒಂದು ಮಿಲಿಲೀಟರಿಗೆ ೦.೫ ಅಂತರರಾಷ್ಟ್ರೀಯ ಮಾನಕ್ಕೆ ಮುಟ್ಟಿರಬೇಕು. ರಕ್ತ ತೆಗೆದ ದಿನದಿಂದ ಇನ್ನೂ ಮೂರು ತಿಂಗಳು ಕಾಯಬೇಕು. ರೋಗ ಒಳಗೆ ಮಲಗಿದ್ದರೆ ಆ ಹೊತ್ತಿಗೆ ಎದ್ದೇಳುತ್ತದೆಂಬುದು ಇದರ ತರ್ಕ. ರೇಬೀಸ್ ವಿಷಯದಲ್ಲಿ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮನ್ನಣೆ ಪಡೆದ ಪ್ರಯೋಗಶಾಲೆಯೊಂದು ನಮ್ಮ ಬೆಂಗಳೂರಿನ ಹೆಬ್ಬಾಳದಲ್ಲಿಯೇ ಇದೆಯೆಂಬುದು ನಮ್ಮಲ್ಲಿ ಎಷ್ಟೋ ಮಂದಿಗೆ ತಿಳಿಯದು. ಯೂರೋಪಿನ ನಾಯಿಗಳಿಗೆ ೨೦೦೪ರಿಂದ ನೀಲಿ ರಟ್ಟಿನ ಪಾಸ್‌ಪೋರ್ಟನ್ನೇ ಕೊಡುತ್ತಾರೆ. ನಮ್ಮ ಮನೆಯಲ್ಲಿ ಇದುವರೆಗೆ ಯಾರಿಗೂ ಪಾಸ್‌ಪೋರ್ಟ್ ಇಲ್ಲ.

ಈಗ ದಂಪತಿಗಳು ನಕ್ಷೆಯನ್ನು ಹರಡಿ ಕುಳಿತಿರುವುದನ್ನು ಊಹಿಸಿಕೊಳ್ಳಿ. ಅವರ ಮುಂದೆ ಎರಡು ನಕ್ಷೆಗಳಿವೆಯೆನ್ನಬೇಕು. ಒಂದು ಗಾಳಿಯದು: ಕೆನರಿಯಿಂದ ವೆಸ್ಟ್ ಇಂಡೀಸ್, ಪನಾಮ ಕಾಲುವೆ, ಗಲಾಪಗೋಸ್, ಅಲ್ಲಿಂದ ಮೂರು ಸಾವಿರ ಮೈಲಿ ಮಾರ್ಕೇಸಸ್, ತಾಹಿತಿ, ನ್ಯೂಜಿಲೆಂಡ್. ಇನ್ನೊಂದು ನಾಯಿಯದು: ಇದೇ ಹಾದಿಯಲ್ಲಿ ವೆಸ್ಟ್ ಇಂಡೀಸಿನ ಎಷ್ಟೋ ದ್ವೀಪಗಳು ಕಾಗದ ನೋಡಿ ಬಿಡುತ್ತವೆ, ಪನಾಮ ದಾಟಿದಮೇಲೆ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತ ಹೋಗುತ್ತವೆ. ಹಲವರು ಪನಾಮದಲ್ಲಿಯೇ ನಿಂತು, ನಾಯಿ ಬದುಕಿರುವವರೆಗೆ ಅಟ್ಲಾಂಟಿಕ್ಕಿನ ಈ ಬದಿಯಲ್ಲಿಯೇ ತಿರುಗಾಡುತ್ತಾರೆ. ಕೆಲವರು ನಾಯಿಯನ್ನು ನೆಂಟರ ಮನೆಯಲ್ಲಿ ಬಿಟ್ಟು ಮುಂದೆ ಹೋಗುತ್ತಾರೆ. ಇನ್ನು ಕೆಲವರು ದ್ವೀಪದಿಂದ ದ್ವೀಪಕ್ಕೆ, ದೋಣಿಯಿಂದ ಇಳಿಸದೆ, ಅದನ್ನು ಕೂಡಿಕೊಂಡೇ ದಾಟುತ್ತಾರೆ. ಈ ಮೂರರಲ್ಲಿ ಯಾವುದು ಸರಿಯೆಂದು ನಮ್ಮ ಅಪ್ಪನನ್ನು ಕೇಳಿದೆ. ಮೂರನೆಯದು ನಾಯಿಗೆ ಅನ್ಯಾಯ, ಎರಡನೆಯದು ಆಗದ ಮಾತು ಎಂದ. ಮೊದಲನೆಯದನ್ನು ಕುರಿತು ಅವನೇನೂ ಹೇಳಲಿಲ್ಲ. ಅದೇ ಒಪ್ಪಿಗೆಯೆಂದು ನಾನು ತಿಳಿದೆ.

ಬ್ರಿಟಿಷ್ ದಂಪತಿಗಳ ಪಾಡು ಇನ್ನೂ ವಿಚಿತ್ರವಾದದ್ದು. ನಾಯಿಯೊಡನೆ ತಮ್ಮ ದೋಣಿಯಲ್ಲಿ ಇಂಗ್ಲೆಂಡಿನಿಂದ ಹೊರಡಬಹುದು. ಮರಳಿ ಬರುವಾಗ ಬರುವಂತಿಲ್ಲ. ಪರದೇಶದಿಂದ ನಾಯಿಯನ್ನು ತರಬೇಕಾದರೆ ಸರಕಾರ ಒಪ್ಪಿದ ಹಡಗು, ವಿಮಾನ, ರೈಲುಗಳ ಮಾರ್ಗದಲ್ಲಿಯೇ ತರಬೇಕೆಂದು ನಿಯಮ. ಐರ್ಲೆಂಡಿನಂತಹ ನೆರೆಹೊರೆಯಿಂದ ಬರುವವರಿಗೆ ಮಾತ್ರ ಬಿಡುವುಂಟು. ಉಳಿದಂತೆ ಸ್ವಂತ ದೋಣಿ ಆ ಮಾರ್ಗಗಳಲ್ಲಿ ಸೇರಿಲ್ಲ. ಆದುದರಿಂದ ವರ್ಷಗಟ್ಟಲೆ ಸಾಗರಗಳನ್ನು ಸುತ್ತಿ ಫ್ರಾನ್ಸಿನ ರಾಸ್ಕಾಫ್ ಬಂದರಿಗೆ ಬಂದವರು ಅಲ್ಲಿ ಬೇರೆಯಾಗುತ್ತಾರೆ. ಒಬ್ಬರು ನಾಯಿಯನ್ನೂ ಅದರ ಕಾಗದಗಳನ್ನೂ ಹಿಡಿದು ಪ್ರಯಾಣಿಕರ ದೊಡ್ಡ ಹಡಗು ಹತ್ತುತ್ತಾರೆ. ಇನ್ನೊಬ್ಬರು ದೋಣಿಯನ್ನು ಒಬ್ಬರೇ ನಡೆಸಿಕೊಂಡು ಕಾಲುವೆಯನ್ನು ದಾಟುತ್ತಾರೆ, ಸುಮಾರು ನೂರು ಮೈಲಿ, ಒಂದು ಹಗಲು ಒಂದು ರಾತ್ರಿ, ಕಾಲ ಬಳಿ ಯಾರೂ ಇಲ್ಲದ ಪಾಳಿ. ಪ್ಲಿಮತ್ತಿನಲ್ಲಿ ನಾಯಿಯೇ ಮೊದಲು ತಲಪಿ, ಕಟ್ಟೆಯ ಮೇಲೆ ಕಾದಿರುತ್ತದೆ.